ಎರಡು ಗುಂಡುಗಳ ನಡುವಿನ ಹೊತ್ತು

ಪ್ರಶ್ನೆ: ಮೊನ್ನೆ ಮಗನ ಜೊತೆ ಮಧುಗಿರಿ ಬೆಟ್ಟ ಹತ್ತಿದೆ. ಪಾಣಿಪತ್‌ನಲ್ಲಿ ಬಾಬರ್ ಫಿರಂಗಿಯಿಂದ ಗೆದ್ದ, ಆಮೇಲೆ ಯುದ್ಧದ ರೀತಿಯೇ ಬದಲಾಯಿತು ಅಂತ ಅವನು ಶಾಲೆಯಲ್ಲಿ ಓದಿದ್ದಾನೆ. ‘ಹಾಗಾದ್ರೆ ಫಿರಂಗಿ ಬಂದ ಮೇಲೂ ಈ ಕೋಟೆ ಯಾಕೆ ಬೇಕಿತ್ತು?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ವಿಜಯನಗರದವರ ಹತ್ತಿರ ತೋಪು ಇರಲಿಲ್ಲವೇ? ಇನ್ನೊಂದು ಸಣ್ಣ ಪ್ರಶ್ನೆ. ಹತ್ತುವ ದಾರಿಯಲ್ಲಿ ಬಂಡೆಯೊಳಗೆ ಒಂದು ಗುಂಡಿ ನೋಡಿದೆವು. ಮಳೆನೀರು ನಿಂತಿತ್ತು. ಅದು ಮದ್ದು ತುಂಬಿಡುತ್ತಿದ್ದ ಗುಂಡಿ ಎಂದು ಜೊತೆಗಿದ್ದವರು ಹೇಳಿದರು. ನಿಜವೇ?
– ಮಧುಗಿರಿ ತಾಲ್ಲೂಕಿನ ಓದುಗರು

ಉತ್ತರ: ತುಮಕೂರಿನಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ‘ಬಾಬರನ ಗೆಲುವಿಗೆ ಫಿರಂಗಿಗಳು ಕಾರಣ’ ಎಂದು ಅಷ್ಟೂ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಎರಡು ಅಂಕಕ್ಕೆ ಅಷ್ಟು ಸಾಕಿತ್ತು. ‘ಹಾಗಾದ್ರೆ ಕೋಟೆ ಯಾಕೆ ಸಾರ್’ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಆ ಸಾಲನ್ನು ಅಂದೇ ಅಳಿಸಬೇಕಾಗುತ್ತಿತ್ತು. ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ.

ಆ ಸಾಲು ಪೂರ್ತಿ ಸುಳ್ಳಲ್ಲ. ಫಿರಂಗಿ ಗುಂಡು ಹಾರಿಸುತ್ತದೆ, ಸರಿ. ಹಾರಿಸಿದ ಮೇಲೆ ಏನು? ಅದನ್ನು ನಾವು ಕೇಳುವುದೇ ಇಲ್ಲ.

ಮೈಸೂರು ದಸರಾದಲ್ಲಿ ಕುಶಾಲತೋಪು ಹಾರಿಸುವುದನ್ನು ಟಿವಿಯಲ್ಲಾದರೂ ನೋಡಿರುತ್ತೀರಿ. ಮುಂದಿನ ಸಲ ಹೊಗೆ ನೋಡಬೇಡಿ, ಸಿಬ್ಬಂದಿಯ ಕೈ ನೋಡಿ. ಒಬ್ಬರು ಉದ್ದ ಕೋಲಿನ ತುದಿಯ ಒದ್ದೆ ಬಟ್ಟೆಯನ್ನು ನಳಿಕೆಯೊಳಗೆ ತೂರಿಸಿ ತಿರುವುತ್ತಾರೆ. ಇನ್ನೊಬ್ಬರು ಮದ್ದಿನ ಪೊಟ್ಟಣ ಇಡುತ್ತಾರೆ. ಅದನ್ನು ಒಳಕ್ಕೆ ಒತ್ತಿ ಗಿಡಿಯುತ್ತಾರೆ. ಆಮೇಲೆ ಬೆಂಕಿ. ಒದ್ದೆ ಬಟ್ಟೆ ಯಾಕೆ ಅಂದರೆ, ಹಿಂದಿನ ಸಲದ ಒಂದು ಕಿಡಿ ಒಳಗೆ ಉಳಿದಿದ್ದರೂ ಹೊಸ ಮದ್ದು ಅದನ್ನು ಇಡುವವರ ಕೈಯಲ್ಲೇ ಸಿಡಿಯುತ್ತದೆ. ಹಬ್ಬದ ತೋಪಿಗೆ ಗುಂಡು ತುಂಬುವುದಿಲ್ಲ, ಗುರಿ ಹಿಡಿಯುವುದಿಲ್ಲ, ಎದುರಿಂದ ಯಾರೂ ಕುದುರೆ ಓಡಿಸಿಕೊಂಡು ಬರುವುದಿಲ್ಲ. ಚೆನ್ನಾಗಿ ತಾಲೀಮು ಮಾಡಿದವರು, ಹಲವು ಫಿರಂಗಿಗಳು. ಅದಕ್ಕೇ ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ 21 ಸುತ್ತು ಹಾರುತ್ತವೆ.

ಈಗ ಬಾಬರನ ಕಾಲಕ್ಕೆ ಬನ್ನಿ. 1528ರಲ್ಲಿ ಕನೌಜಿನ ಹತ್ತಿರ ಗಂಗೆಗೆ ಸೇತುವೆ ಕಟ್ಟಿಸುವಾಗ ಅವನ ತೋಪಿನ ಮುಖ್ಯಸ್ಥ ಉಸ್ತಾದ್ ಅಲಿ ಕುಲಿ ದೊಡ್ಡ ತೋಪು ಹಾರಿಸುತ್ತಿದ್ದ. ಎಷ್ಟು ಸಲ ಎಂದು ಬಾಬರ್ ಲೆಕ್ಕ ಬರೆದಿಟ್ಟಿದ್ದಾನೆ. ಮೊದಲ ದಿನ 8 ಗುಂಡು. ಆಮೇಲೆ ದಿನಕ್ಕೆ 16. ಗಂಟೆಗಲ್ಲ, ದಿನಕ್ಕೆ! ಅದನ್ನೂ ಅವನು ಮೆಚ್ಚಿಕೊಂಡೇ ಬರೆದಿದ್ದಾನೆ.

ನನ್ನ ಉತ್ತರವೆಲ್ಲ ಇದರ ಸುತ್ತಲೇ ಇದೆ. ಒಂದು ಗುಂಡು ಹಾರಿ ಇನ್ನೊಂದು ಹಾರುವ ತನಕ ನಡುವೆ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ತೋಪು ಸುಮ್ನೆ ಬಿದ್ದ ಕಂಚಿನ ದಿಂಡು. ಅದನ್ನು ಕಾಯುವವರು ಯಾರು, ಹೇಗೆ ಕಾಯುತ್ತಾರೆ ಅನ್ನುವುದರ ಮೇಲೆ ಯುದ್ಧ ನಿಲ್ಲುತ್ತಿತ್ತು.

ಪಾಣಿಪತ್ತನ್ನು ಹೀಗೆ ನೋಡಿದರೆ ಬೇರೆಯೇ ಕಾಣುತ್ತದೆ. 1526ರ ಏಪ್ರಿಲ್ 21. ಬಾಬರನ ಕಡೆ ಸುಮಾರು 12,000 ಜನ. ಇಬ್ರಾಹಿಂ ಲೋದಿಯ ಕಡೆ ಒಂದು ಲಕ್ಷ ಜನ, 1,000 ಆನೆ ಎಂದು ಬಾಬರನ ಅಂದಾಜು. ಗೆದ್ದವರ ಅಂದಾಜು ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ, ಇರಲಿ. ಬಾಬರ್ ಮಾಡಿದ ಮೊದಲ ಕೆಲಸ 700 ಗಾಡಿ ಕೂಡಿಸಿದ್ದು. ಅವನ್ನು ಸಾಲಾಗಿ ನಿಲ್ಲಿಸಿ ಹಸಿ ಚರ್ಮದ ಹಗ್ಗದಿಂದ ಒಂದಕ್ಕೊಂದು ಬಿಗಿಸಿದ. ಎರಡು ಗಾಡಿಗಳ ನಡುವೆ ಐದಾರು ಮರೆತಟ್ಟಿ ಇಡಿಸಿದ. ಅದರ ಹಿಂದೆ ಕೋವಿಯವರು. ಬಲಕ್ಕೆ ಪಾಣಿಪತ್ ಊರಿನ ಮನೆಗಳು, ಎಡಕ್ಕೆ ಹಳ್ಳ ತೋಡಿ ಮರದ ಕೊಂಬೆ ಕಡಿದು ಹಾಕಿದ ಅಡ್ಡ. ನಡುನಡುವೆ ನೂರು, ಇನ್ನೂರು ಸವಾರರು ಒಟ್ಟಿಗೆ ನುಗ್ಗಿ ಹೊರಡುವಷ್ಟು ಜಾಗ ಬಿಡಿಸಿದ.

ಈ ಗಾಡಿಸಾಲು ಕಾಯುತ್ತಿದ್ದುದೇ ಆ ಖಾಲಿ ಹೊತ್ತನ್ನು. ಕೋವಿಯವನು ಮದ್ದು ಸುರಿದು, ಗುಂಡು ಹಾಕಿ, ಗಿಡಿದು, ಬತ್ತಿ ಊದಿಕೊಳ್ಳುವ ತನಕ ಕುದುರೆ ಅವನ ಮೈಮೇಲೆ ಬರಬಾರದು. ಬಯಲಲ್ಲಿ ನಿಂತ ಕೋವಿಯವನಿಗೆ ಒಂದೇ ಗುಂಡಿನ ಆಯುಸ್ಸು. ಗಾಡಿಯ ಹಿಂದೆ ನಿಂತವನು ಬೆಳಗಿನಿಂದ ಮಧ್ಯಾಹ್ನದವರೆಗೂ ಹೊಡೆಯಬಲ್ಲ. ಇಬ್ರಾಹಿಂನ ಸೈನ್ಯ ಜೋರಾಗಿ ಬಂತು, ಈ ಅಡ್ಡ ನೋಡಿ ಮುಂದಿನವರು ತಡವರಿಸಿದರು, ಹಿಂದಿನವರು ತಳ್ಳುತ್ತಲೇ ಇದ್ದರು. ಜಾತ್ರೆಯಲ್ಲಿ ತೇರು ತಟ್ಟನೆ ನಿಂತಾಗ ಆಗುವ ನೂಕುನುಗ್ಗಲು ನೆನಪು ಮಾಡಿಕೊಳ್ಳಿ. ಅಷ್ಟರಲ್ಲಿ ಬಾಬರನ ಕುದುರೆ ಸವಾರರು ಎರಡೂ ಪಕ್ಕದಿಂದ ಸುತ್ತಿ ಬಂದು ಬೆನ್ನ ಹಿಂದಿನಿಂದ ಬಾಣ ಬಿಟ್ಟರು. ಇದಕ್ಕೆ ತುಲುಗ್ಮಾ ಎಂದು ಹೆಸರು. ಮಧ್ಯ ಏಷ್ಯಾದ ಹಳೆಯ ವರಸೆ. ಅವತ್ತು ಸತ್ತವರಲ್ಲಿ ಬಾಣಕ್ಕೆ ಸತ್ತವರೇ ಹೆಚ್ಚು ಎಂದು ನನ್ನ ಅಭಿಪ್ರಾಯ. ತೋಪು ಮತ್ತು ಗಾಡಿ ಶತ್ರುವನ್ನು ನಿಲ್ಲಿಸಿದವು, ಬಿಲ್ಲು ಕೊಂದಿತು.

ಇಷ್ಟಾದರೂ ತೋಪು ಮಾಡಿಸುವುದು ಹುಡುಗಾಟವಲ್ಲ. ಅದೇ ವರ್ಷ ಆಗ್ರಾದಲ್ಲಿ ಉಸ್ತಾದ್ ಅಲಿ ಒಂದು ದೊಡ್ಡ ತೋಪಿನ ಎರಕಕ್ಕೆ ಕೂತ. ಅಚ್ಚಿನ ಸುತ್ತ ಎಂಟು ಕುಲುಮೆ. ಕರಗಿದ ಲೋಹ ಎಂಟೂ ಕಾಲುವೆಗಳಲ್ಲಿ ಹರಿದು ಬಂತು. ಅಚ್ಚು ತುಂಬುವ ಮೊದಲೇ ಒಂದೊಂದಾಗಿ ನಿಂತುಹೋಯಿತು. ಲೋಹ ಸಾಲಲಿಲ್ಲವೋ ಕುಲುಮೆಯಲ್ಲಿ ಐಬೋ. ಬಾದಷಹ ಕಣ್ಣೆದುರಿಗೇ ಇದ್ದಾನೆ. ಅವಮಾನಕ್ಕೆ ಉಸ್ತಾದ್ ಅದೇ ಕುದಿಯುವ ಕಂಚಿಗೆ ಹಾರಲು ಹೊರಟನಂತೆ. ಬಾಬರ್ ಸಮಾಧಾನ ಮಾಡಿ, ಉಡುಗೊರೆ ಬಟ್ಟೆ ಹೊದಿಸಿ ಕಳಿಸಿದ. ಒಂದೆರಡು ದಿನ ಬಿಟ್ಟು ಅಚ್ಚು ಆರಿದ ಮೇಲೆ ಒಡೆದು ನೋಡಿದರೆ ಗುಂಡು ಕೂರುವ ಭಾಗಕ್ಕೆ ಏನೂ ಆಗಿರಲಿಲ್ಲ. ಮದ್ದಿನ ಗೂಡನ್ನು ಬೇರೆ ಎರಕ ಹೊಯ್ದು ಸೇರಿಸಿದರು. ಮರುವರ್ಷ ಪರೀಕ್ಷೆ ಮಾಡಿದಾಗ ಗುಂಡು 1,600 ಹೆಜ್ಜೆ ದೂರ ಹೋಗಿ ಬಿತ್ತು. ನನಗೆ ಇಡೀ ಪಾಣಿಪತ್ತಿಗಿಂತ ಈ ಎರಕದ ಕಥೆಯೇ ಇಷ್ಟ. ಒಬ್ಬ ಕೆಲಸಗಾರನ ಮಾನ ಹೋಗಿ ಮತ್ತೆ ಬಂದ ಕಥೆ ಇದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ವಿಜಯನಗರದವರ ಹತ್ತಿರ ತೋಪು ಇತ್ತು. ದಕ್ಷಿಣಕ್ಕೆ ಮದ್ದು ಬರಲು ಬಾಬರನನ್ನು ಕಾಯಬೇಕಿರಲಿಲ್ಲ. 1472-73ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಬೆಳಗಾವಿ ಕೋಟೆಯ ಗೋಡೆಯಡಿ ಸುರಂಗ ತೋಡಿಸಿ, ಮದ್ದಿಟ್ಟು ಸಿಡಿಸಿ ಒಳಹೊಕ್ಕಿದ್ದ. ನಮ್ಮ ಭಾಷೆಯನ್ನೇ ಕೇಳಿ ನೋಡಿ, ಯಾರು ಯಾರಿಂದ ಏನು ಬಂತು ಅಂತ ಹೇಳುತ್ತದೆ. ತೋಪು, ತುಪಾಕಿ ತುರ್ಕರ ಮಾತು. ಬಂದೂಕು ಅರಬ್ಬರ ಕಡೆಯದು. ಫಿರಂಗಿ ಅಂದರೆ ಫಿರಂಗಿಯವರ, ಅಂದರೆ ಯುರೋಪಿನವರ ಸಾಮಾನು. ಕೋವಿ ಮಾತ್ರ ನಮ್ಮದೇ, ಕೊಳವೆ ಅಂತ ಅರ್ಥ. ಮದ್ದು ಅಂತೂ ಇನ್ನೂ ಮಜಾ. ಕೆಮ್ಮಿಗೆ ಕೊಡುವುದೂ ಮದ್ದೇ, ಕೋಟೆ ಸಿಡಿಸುವುದೂ ಮದ್ದೇ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಪೆಟ್ಲುಪ್ಪಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಹಳೇ ಗೋಡೆ, ದನದ ಕೊಟ್ಟಿಗೆಯ ಮಣ್ಣಲ್ಲಿ ಬೆಳ್ಳಗೆ ಉಕ್ಕುವುದನ್ನು ಕೆರೆದು, ನೀರಲ್ಲಿ ಸೋಸಿ, ಕುದಿಸಿ ತೆಗೆಯುತ್ತಿದ್ದರು. ನಮ್ಮ ಉಪ್ಪಾರರ ಹಳೆಯ ಕಸುಬುಗಳಲ್ಲಿ ಇದೂ ಒಂದು.

ತೋಪಿನ ವಿಷಯದಲ್ಲಿ ನನಗೆ ಪಾಣಿಪತ್ತಿಗಿಂತ ದೊಡ್ಡದಾಗಿ ಕಾಣುವುದು ರಾಯಚೂರು. ಅದಕ್ಕಿಂತ ಆರು ವರ್ಷ ಮುಂಚೆ, 1520ರ ಮೇ ತಿಂಗಳು. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಉಳಿಸಿಕೊಳ್ಳಲು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ದೊಡ್ಡ ತೋಪಿನ ದಂಡು ತಂದು ಕೃಷ್ಣಾ ನದಿ ದಾಟಿದ. ಮುಂದಿನದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ವಿವರವಾಗಿ ಬರೆದಿದ್ದಾನೆ. ಆದಿಲ್ ಶಾ ತನ್ನ ತೋಪುಗಳನ್ನೆಲ್ಲ ಒಂದೇ ಸಲ ಹಾರಿಸಿಬಿಟ್ಟ. ರಾಯರ ಮುಂದಿನ ಸಾಲು ಚೂರಾಯಿತು. ಜನ ತಿರುಗಿ ಓಡಿದರು, ಬಿಜಾಪುರದ ಸವಾರರು ಬೆನ್ನಟ್ಟಿದರು. ಯುದ್ಧ ಮುಗಿಯಿತು ಅನ್ನುವ ಹೊತ್ತು. ರಾಯ ಬೆರಳಿನ ಉಂಗುರ ತೆಗೆದು ಊಳಿಗದವನ ಕೈಗೆ ಕೊಟ್ಟ. ತಾನು ಸತ್ತರೆ ರಾಣಿಯರಿಗೆ ಅದೇ ಗುರುತು. ಕುದುರೆ ಹತ್ತಿ ಹಿಂದಿನ ದಂಡನ್ನು ತಾನೇ ಮುಂದಕ್ಕೆ ನಡೆಸಿದ.

ಆಗ ಆದಿಲ್ ಶಾನ ತೋಪುಗಳು ಏನು ಮಾಡುತ್ತಿದ್ದವು? ಎಲ್ಲವೂ ಖಾಲಿ. ಒಂದೇ ಸಲ ಹಾರಿಸಿದರೆ ಎಲ್ಲವೂ ಒಂದೇ ಸಲ ಖಾಲಿಯಾಗುತ್ತವೆ, ಅಲ್ವಾ? ಕಾಯಲು ಗಾಡಿಸಾಲಿಲ್ಲ, ಸವಾರರು ಬೆನ್ನಟ್ಟಲು ಹೋಗಿ ಚದುರಿದ್ದಾರೆ. ರಾಯರ ದಂಡು ಅವರನ್ನು ನದಿಯವರೆಗೂ ತಳ್ಳಿಕೊಂಡು ಹೋಯಿತು. ನ್ಯೂನಿಜ್ ಪ್ರಕಾರ 400 ದೊಡ್ಡ ತೋಪು ರಾಯರ ಕೈಗೆ ಬಿದ್ದವು.

ಆಮೇಲೆ ಕೋಟೆಯ ಸರದಿ. ಅಲ್ಲಿ ನಡೆದದ್ದು ಇನ್ನೂ ಸೋಜಿಗ. ಕೋಟೆಯ ಮೇಲೆ ತೋಪುಗಳಿದ್ದವು, ಆದರೆ ಅವುಗಳ ಬಾಯಿ ದೂರಕ್ಕೆ ಇತ್ತು. ಗೋಡೆಯ ಬುಡಕ್ಕೇ ಬಂದು ನಿಂತವನಿಗೆ ಅವು ತಾಗುವಂತಿರಲಿಲ್ಲ. ರಾಯರ ಆಳುಗಳು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ದಳವಾಯಿಗಳು ಹಣ ಎಣಿಸಿ ಕೊಡುತ್ತಿದ್ದರು. ಹೌದು, ಕಲ್ಲಿಗಿಷ್ಟು ಅಂತ ಗುತ್ತಿಗೆ ಲೆಕ್ಕ! ಮೇಲಿನಿಂದ ಕಲ್ಲು, ಬಾಣ ಸುರಿಯುತ್ತಿದ್ದವು. ಕ್ರಿಸ್ತೊವಾವ್ ದೆ ಫಿಗೇರಿದೊ ಎಂಬ ಪೋರ್ಚುಗೀಸ 20 ಕೋವಿಯವರ ಜೊತೆ ಬಂದಿದ್ದ. ಗೋಡೆಯ ಮೇಲಿನವರು ಧೈರ್ಯವಾಗಿ ತಲೆ ಹೊರಹಾಕುತ್ತಿದ್ದುದನ್ನು ನೋಡಿ ಒಬ್ಬೊಬ್ಬರನ್ನೇ ಗುರಿಯಿಟ್ಟು ಹೊಡೆಸಿದ. ಅವರು ತಲೆ ಒಳಗೆಳೆದುಕೊಂಡರು, ಕಲ್ಲು ಕೀಳುವವರಿಗೆ ಸಲೀಸಾಯಿತು. ಕೊನೆಗೆ ಕೆಳಗೇನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಮುಖ್ಯಸ್ಥನ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು. ನೂರಾರು ತೋಪು ಮಾಡದ ಕೆಲಸವನ್ನು 20 ಕೋವಿ ಮತ್ತು ಒಂದಷ್ಟು ಗುದ್ದಲಿ ಮಾಡಿದವು.

ಗೆದ್ದವನು ಪಾಠ ಕಲಿಯುವುದು ಕಡಿಮೆ. ತೋಪಿಲ್ಲದೆಯೂ ಗೆಲ್ಲಬಹುದು ಎಂದು ವಿಜಯನಗರಕ್ಕೆ ಅನ್ನಿಸಿತು, ಸೋತ ಸುಲ್ತಾನರು ತೋಪನ್ನು ಸರಿಯಾಗಿ ಬಳಸುವುದು ಹೇಗೆ ಎಂದು ಕೂತು ಯೋಚಿಸಿದರು. ಹೀಗೆ ಹೇಳುವ ಇತಿಹಾಸಕಾರರಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ. 45 ವರ್ಷದ ನಂತರ, 1565ರ ಜನವರಿಯಲ್ಲಿ, ಸುಲ್ತಾನರು ಒಟ್ಟಾಗಿ ವಿಜಯನಗರದ ಎದುರು ನಿಂತ ತಾಳಿಕೋಟೆ ಕದನ ನಡೆಯಿತು. ರಕ್ಕಸಗಿ–ತಂಗಡಗಿ ಅಂತಲೂ ಕರೆಯುತ್ತೇವೆ. ಅಹಮದ್‌ನಗರದ ತೋಪುಗಳು ಒಂದೇ ಸಾಲಲ್ಲಿ ನಿಲ್ಲಲಿಲ್ಲ. ಇತಿಹಾಸಕಾರ ಫಿರಿಶ್ತಾ ಬರೆದಿರುವ ಪ್ರಕಾರ 600 ತೋಪು, ಮೂರು ಸಾಲು. ಮುಂದೆ ದೊಡ್ಡವು, ಹಿಂದೆ ಸಣ್ಣವು, ಅದರ ಹಿಂದೆ ಇನ್ನೂ ಸಣ್ಣವು. ಅವನ್ನೆಲ್ಲ ಮರೆ ಮಾಡಿಕೊಂಡು 2,000 ಬಿಲ್ಲಾಳುಗಳು. ಶತ್ರು ಹತ್ತಿರ ಬಂದಾಗ ಬಿಲ್ಲಾಳುಗಳು ಸರಿದುಕೊಂಡರು, ತೋಪು ಹಾರಿದವು. ವಿಜಯನಗರದ ದಂಡು ನಡೆಸುತ್ತಿದ್ದ ರಾಮರಾಯರ ಜನ ಸುಧಾರಿಸಿಕೊಂಡು ಮತ್ತೆ ನುಗ್ಗಿದಾಗ ಅದೇ ತೋಪುಗಳಿಗೆ ಗುಂಡಿನ ಬದಲು ತಾಮ್ರದ ದುಡ್ಡಿನ ಚೀಲ ತುಂಬಿ ಹತ್ತಿರದಿಂದ ಹೊಡೆದರು. ಒಂದು ಗುಂಡು ಒಂದು ಕಡೆ ಹೋಗುತ್ತದೆ, ಒಂದು ಚೀಲ ದುಡ್ಡು ಬೀಸಿ ಎರಚಿದ ಹಾಗೆ. ರಾಯಚೂರಿನ ಖಾಲಿ ಹೊತ್ತನ್ನು ಇವರು ಹೀಗೆ ತುಂಬಿಕೊಂಡಿದ್ದರು.

ಆನೆಗಳಿಗೆ ಏನಾಯಿತು ಎಂದೂ ಮಗ ಕೇಳಬಹುದು. ಅವಕ್ಕೆ ಕೆಲಸ ಬದಲಾಯಿತು. ವಿಜಯಪುರದ ಮಲಿಕ್-ಎ-ಮೈದಾನ್ ನೋಡಿದ್ದೀರಾ? 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಪರಂಡಾ ಕೋಟೆಯಿಂದ ವಿಜಯಪುರಕ್ಕೆ ಎಳೆದು ತರಲು 10 ಆನೆ, 400 ಎತ್ತು ಬೇಕಾದವು ಎನ್ನುತ್ತಾರೆ. ಮುಂದೆ ನಿಂತು ಗುದ್ದುತ್ತಿದ್ದ ಆನೆ ಹಿಂದೆ ನಿಂತು ಎಳೆಯುವ ಟ್ರ್ಯಾಕ್ಟರ್ ಆಯಿತು. ನಾನು ಆ ತೋಪನ್ನು ಬೆರಳ ಗೆಣ್ಣಿನಿಂದ ತಟ್ಟಿದ್ದೇನೆ. ಗಂಟೆಯ ಹಾಗೆ ಸದ್ದು ಬರುತ್ತದೆ.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ಇಂಥ ತೋಪನ್ನು ಮಧುಗಿರಿಯ ಆ ಬೋಳು ಬಂಡೆಯ ಮೇಲೆ ಎಳೆದುಕೊಂಡು ಹೋಗುವವರು ಯಾರು? ನೀವೇ ಕಂಬಿ ಹಿಡಿದುಕೊಂಡು ಹತ್ತಿದ್ದೀರಿ. ಕೆಳಗೆ ನಿಂತು ಹೊಡೆದರೆ ಗುಂಡು ಮೇಲಕ್ಕೇರುವಾಗಲೇ ಸೋಲುತ್ತದೆ. ಬಯಲಿನಲ್ಲಿ ಗಾಡಿಸಾಲು ಕೊಡುತ್ತಿದ್ದ ಹೊತ್ತನ್ನು ಇಲ್ಲಿ ಬೆಟ್ಟವೇ ಕೊಡುತ್ತಿತ್ತು. ಅದಕ್ಕೇ ಮಧುಗಿರಿ, ಮಿಡಿಗೇಶಿ, ಪಾವಗಡ, ಚನ್ನರಾಯನದುರ್ಗ, ಗುಡಿಬಂಡೆ, ನಂದಿ – ನಮ್ಮ ಕಡೆಯ ಪಾಳೇಗಾರರು ಫಿರಂಗಿ ಬಂದ ಮೇಲೂ ಬೆಟ್ಟ ಬಿಡಲಿಲ್ಲ. ಕೋಟೆಯ ರೂಪ ಮಾತ್ರ ಬದಲಾಯಿತು. ಚೌಕದ ಕೊತ್ತಲಗಳ ಜಾಗಕ್ಕೆ ದುಂಡನೆಯವು ಬಂದವು, ಗುಂಡು ಜಾರಿಹೋಗಲಿ ಎಂದು. ಗೋಡೆ ದಪ್ಪವಾಯಿತು. ತೆನೆಗಳಲ್ಲಿ, ಅಂದರೆ ಗೋಡೆಯ ತುದಿಯ ಹಲ್ಲಿನಂಥ ಸಾಲಿನಲ್ಲಿ, ಕೋವಿ ತೂರಿಸುವ ಕಂಡಿ ಬಂದವು. ಒಳಗಡೆ ಅಗಲ, ಹೊರಗಡೆ ಕಿರಿದು, ಕೆಲವು ನೇರಕ್ಕೆ, ಕೆಲವು ಬುಡದ ಕಡೆಗೆ ಇಳಿಜಾರು. ರಾಯಚೂರಿನ ತಪ್ಪು ನೆನಪಿದೆಯಲ್ಲ? ಬಯಲು ಸೀಮೆಯ ಮಣ್ಣಿನ ಕೋಟೆಯೂ ಕಡಿಮೆಯದಲ್ಲ. ಕಲ್ಲು ಒಡೆಯುತ್ತದೆ, ಮಣ್ಣು ಗುಂಡನ್ನು ನುಂಗಿ ಕೂರುತ್ತದೆ.

ಹಾಗಂತ ಬೆಟ್ಟದ ಕೋಟೆ ಬೀಳುತ್ತಲೇ ಇರಲಿಲ್ಲ ಎಂದಲ್ಲ. ಬೀಳಿಸಲು ಬೇಕಾದದ್ದು ತೋಪಿಗಿಂತ ಹೆಚ್ಚಾಗಿ ಕೂಲಿ, ದುಡ್ಡು, ತಾಳ್ಮೆ. ಅಕ್ಬರನ ಹತ್ತಿರ ಮೂರೂ ಇದ್ದವು. ಚಿತ್ತೋಡಿಗೆ ನಾಲ್ಕು ತಿಂಗಳು ಕೂತ. ದೂರದಿಂದ ಎಳೆದು ತರುವುದಕ್ಕಿಂತ ಇಲ್ಲೇ ವಾಸಿ ಎಂದು ಪಾಳೆಯದಲ್ಲೇ ಒಂದು ದೊಡ್ಡ ತೋಪು ಎರಕ ಹೊಯ್ಸಿದ. 1567ರ ಡಿಸೆಂಬರ್‌ನಲ್ಲಿ ಗೋಡೆಯಡಿ ಎರಡು ಕಡೆ ಮದ್ದು ತುಂಬಿ ಬತ್ತಿ ಹಚ್ಚಿದರು. ಮೊದಲನೆಯದು ಸಿಡಿಯಿತು. ಗೋಡೆ ಬಿದ್ದದ್ದೇ ತಡ ಸೈನಿಕರು ನುಗ್ಗಿದರು. ಎರಡನೆಯದು ಆಗ ಸಿಡಿಯಿತು. ಸುಮಾರು 200 ಜನ ತಮ್ಮದೇ ಮದ್ದಿಗೆ ಬಲಿಯಾದರು. ರಣಥಂಬೋರಿಗೆ 1569ರಲ್ಲಿ ಎದುರಿನ ಗುಡ್ಡದ ಮೇಲೆ ದೊಡ್ಡ ತೋಪುಗಳನ್ನು ಎತ್ತು, ಹಮಾಲರಿಂದ ಹತ್ತಿಸಿದ. ಆ ಕೋಟೆ ಬೇಗ ಮಣಿಯಿತು.

ನಮ್ಮ ನಂದಿ ಬೆಟ್ಟದ ಕಥೆಯೂ ಅದೇ, ಕಾಲ ಮಾತ್ರ ಬಹಳ ಮುಂದೆ, 1791. ಟಿಪ್ಪುವಿನ ಕೋಟೆ. ಬ್ರಿಟಿಷರು ಬೆಟ್ಟದ ಮೈಯಲ್ಲೇ ದಾರಿ ಕಡಿದು, ಆನೆಗಳಿಂದ ತೋಪು ಹತ್ತಿಸಿ, ಸುಮಾರು ಮೂರು ವಾರ ಹೆಣಗಿದ ಮೇಲೆ ಅಕ್ಟೋಬರ್ 19ರಂದು ಕೋಟೆ ಹೊಕ್ಕರು. ಬೆಳದಿಂಗಳಲ್ಲಿ ಹತ್ತುತ್ತಿದ್ದವರ ಮೇಲೆ ಒಳಗಿನವರು ಉರುಳಿಸಿದ್ದು ಬಂಡೆಗಲ್ಲು. ಹದಿನೆಂಟನೇ ಶತಮಾನ ಮುಗಿಯುತ್ತಾ ಬಂದಾಗಲೂ ಬೆಟ್ಟದ ಮೇಲೆ ಕಲ್ಲು ಇನ್ನೂ ಆಯುಧವೇ.

ಟಿಪ್ಪು ಹೆಸರು ಬಂದ ಮೇಲೆ ಬಾಣದ ಮಾತು ಬಿಡಲಾಗುವುದಿಲ್ಲ. ಬಿಲ್ಲಿನ ಬಾಣವಲ್ಲ, ಮದ್ದು ತುಂಬಿ ಹಾರಿಸುವ ಅಗ್ನಿಬಾಣ, ಅಂದರೆ ರಾಕೆಟ್. ಅವನ ತಾತ ಫತೇ ಮುಹಮ್ಮದ್ ಕೋಲಾರದವನು. ಆರ್ಕಾಟ್ ನವಾಬನ ದಂಡಿನಲ್ಲಿ ಬಿದಿರಿನ ಅಗ್ನಿಬಾಣ ಹಾರಿಸುವ 50 ಜನರ ಮುಖ್ಯಸ್ಥನಾಗಿದ್ದ. ಆಗ ಅದು ಬಹುಪಾಲು ಸನ್ನೆ ಕೊಡುವುದಕ್ಕೆ. ಬೂದಿಕೋಟೆಯಲ್ಲಿ ಹುಟ್ಟಿದ ಮಗ ಹೈದರ್, ಮೊಮ್ಮಗ ಟಿಪ್ಪು ಇಬ್ಬರೂ ಬಿದಿರಿನ ಕೊಳವೆ ಬಿಟ್ಟು ಕಬ್ಬಿಣದ್ದು ಹಿಡಿದರು. ಕಬ್ಬಿಣ ಜಾಸ್ತಿ ಒತ್ತಡ ತಡೆಯುತ್ತದೆ, ಬಾಣ ಒಂದು ಕಿಲೋಮೀಟರ್ ದಾಟಿ ಹೋಗುತ್ತದೆ. ಗುರಿ ಅಷ್ಟಕ್ಕಷ್ಟೇ. ಆದರೆ ಇಲ್ಲಿ ಒರೆಸಲು ನಳಿಕೆಯೇ ಇಲ್ಲ! ಒಂದು ಹಚ್ಚಿ ಬಿಟ್ಟರೆ ಪಕ್ಕದಲ್ಲೇ ಇನ್ನೊಂದು ಸಿದ್ಧ. ಎಳೆಯಲು ಆನೆ ಬೇಡ, ಒಬ್ಬ ಆಳು ಹೆಗಲ ಮೇಲೆ ಹೊತ್ತು ಓಡಬಲ್ಲ. ತೋಪಿನವರು ಮುನ್ನೂರು ವರ್ಷ ಗಾಡಿ, ಬಿಲ್ಲಾಳು, ಮೂರು ಸಾಲು ಅಂತ ಸರ್ಕಸ್ ಮಾಡಿ ಮುಚ್ಚುತ್ತಿದ್ದ ಆ ಖಾಲಿ ಹೊತ್ತು ಬಾಣದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದಾಯಿತು.

ಕೊನೆಗೆ ಆ ಗುಂಡಿ. ಅದು ದೊಣೆ. ಮಳೆನೀರು ಹಿಡಿದಿಡಲು. ಅಲ್ಲಿ ಮದ್ದು ತುಂಬಿದವನಿಗೆ ದಳವಾಯಿ ಛಡಿಯೇಟು ಕೊಡಿಸುತ್ತಿದ್ದ! ಸ್ವಲ್ಪ ತೇವ ತಾಗಿದರೂ ಮದ್ದು ಹೆಂಟೆ ಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಮದ್ದಿನ ಮನೆ ಹೇಗಿರುತ್ತದೆ ಎಂದರೆ, ಒಣ ಜಾಗ, ದಪ್ಪ ಗೋಡೆ, ಒಂದೇ ಬಾಗಿಲು, ಕಿಟಕಿ ಇಲ್ಲ, ಬೆಂಕಿ ಉರಿಸುವ ಮನೆಗಳಿಂದ ದೂರ. ಕಣಜವೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಆದರೆ ಕಣಜಕ್ಕೆ ಕಾಳು ಸುರಿಯಲು ಮೇಲೆ ಕಿಂಡಿ ಇರುತ್ತದೆ. ಮುಂದಿನ ಸಲ ಹತ್ತಿದಾಗ ಮಗನಿಗೆ ಮೇಲಿನ ಕಟ್ಟಡಗಳ ಸೂರನ್ನು ನೋಡಲು ಹೇಳಿ. ಗೋಡೆಯ ಕಂಡಿಗಳಿಗೂ ಒಮ್ಮೆ ಕಣ್ಣಿಟ್ಟು ನೋಡಲಿ. ಯಾವುದು ದೂರಕ್ಕೆ, ಯಾವುದು ಬುಡಕ್ಕೆ ಅಂತ ಅವನೇ ಎಣಿಸಿ ಬರೆದು ಕಳಿಸಲಿ.